ಇಲ್ಲದ ಊರುಗಳ ಕತೆ: ಯುಟೋಪಿಯಾ, ಡಿಸ್ಟೋಪಿಯಾ ಎಂದರೇನು?

ಪುಸ್ತಕ ವಿಮರ್ಶೆ, ಸಿನಿಮಾ ವಿಮರ್ಶೆ ಓದುವವರಿಗೆ ಎರಡು ಪದಗಳು ಆಗಾಗ ಎದುರಾಗುತ್ತವೆ. ಒಂದು ಯುಟೋಪಿಯಾ, ಇನ್ನೊಂದು ಡಿಸ್ಟೋಪಿಯಾ. ಮೊದಲನೆಯದಕ್ಕೆ ಕನ್ನಡದಲ್ಲಿ ಆದರ್ಶ ಸಮಾಜ, ಕನಸಿನ ರಾಜ್ಯ ಎಂದೆಲ್ಲ ಬರೆಯುತ್ತಾರೆ. ಕೆಲವರು ರಾಮರಾಜ್ಯ ಎಂದೂ ಹೇಳುವುದುಂಟು. ಎರಡನೆಯದಕ್ಕೆ ಒಪ್ಪಿತವಾದ ಕನ್ನಡ ಪದ ಇನ್ನೂ ನಿಂತಿಲ್ಲ. ದುಃಸ್ವಪ್ನದ ಸಮಾಜ ಎಂದರೆ ಹೆಚ್ಚುಕಡಿಮೆ ಅರ್ಥವಾದೀತು. 'ಒಂದು ಒಳ್ಳೆಯ ಊರು, ಇನ್ನೊಂದು ಕೆಟ್ಟ ಊರು, ಅಷ್ಟೇ ತಾನೆ?' ಎಂದು ನೀವು ಕೇಳಬಹುದು. ಅಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಈ ಪುಸ್ತಕಗಳನ್ನು ತೆರೆದು ನೋಡಿದರೆ ಒಳ್ಳೆಯ ಊರಿನಲ್ಲೂ ಸಂಕೋಲೆ ಇದೆ, ಕೆಟ್ಟ ಊರಿನಲ್ಲೂ ನಗುವವರಿದ್ದಾರೆ.

ಪದ ಹುಟ್ಟಿದ್ದು ಹೇಗೆ?

ಯುಟೋಪಿಯಾ ಎಂಬ ಪದವನ್ನು ಕಟ್ಟಿದವರು ಇಂಗ್ಲೆಂಡಿನ ಥಾಮಸ್ ಮೋರ್. 1516ರಲ್ಲಿ ಇಂದಿನ ಬೆಲ್ಜಿಯಂನ ಲೂವೆನ್ ಪಟ್ಟಣದಲ್ಲಿ ಇದೇ ಹೆಸರಿನ ಅವರ ಪುಸ್ತಕ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ನಮ್ಮ ಕಡೆ ಆಗ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಗ್ರೀಕ್ ಭಾಷೆಯಲ್ಲಿ 'ಟೋಪೋಸ್' ಎಂದರೆ ಜಾಗ. ಅದರ ಮುಂದೆ 'ಇಲ್ಲ' ಎಂಬರ್ಥದ 'ಊ' ಸೇರಿಸಿ 'ಇಲ್ಲದ ಜಾಗ' ಎಂದು ಮೋರ್ ಹೆಸರಿಟ್ಟರು. ಅದೇ ಗ್ರೀಕಿನಲ್ಲಿ 'ಒಳ್ಳೆಯ' ಎಂಬರ್ಥದ 'ಯೂ' ಕೂಡ ಇದೆ. ಇಂಗ್ಲಿಷ್ ಬಾಯಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಹೆಸರೇ ಒಂದು ಶ್ಲೇಷೆ: ಒಳ್ಳೆಯ ಊರು, ಆದರೆ ಎಲ್ಲೂ ಇಲ್ಲದ ಊರು. ಆ ದ್ವೀಪವನ್ನು ನೋಡಿಬಂದೆ ಎಂದು ಕತೆ ಹೇಳುವ ನಾವಿಕನ ಹೆಸರು ರಾಫೆಲ್ ಹೈತ್ಲೋಡೆ. ಅದರ ಅರ್ಥ ಕಾಡುಹರಟೆಯವನು ಎಂದಾಗುತ್ತದೆ! ಅಂದರೆ ಹೇಳಿದ್ದನ್ನೆಲ್ಲ ನಂಬಬೇಡಿ ಎಂದು ಲೇಖಕರು ಮೊದಲೇ ಕಣ್ಣು ಮಿಟುಕಿಸಿದ್ದಾರೆ.

ಡಿಸ್ಟೋಪಿಯಾದಲ್ಲಿನ 'ಡಿಸ್' ಎಂದರೆ ಕೆಟ್ಟ. 1868ರಲ್ಲಿ ಐರ್ಲೆಂಡ್ ಕುರಿತ ಚರ್ಚೆಯಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಈ ಪದ ಬಳಸಿದ್ದರು. ಸರ್ಕಾರ ಹಿಡಿದಿರುವ ದಾರಿ ನಡೆಸಲಾಗದಷ್ಟು ಕೆಟ್ಟದ್ದು ಎನ್ನುವುದು ಅವರ ಟೀಕೆ. ಸಾಹಿತ್ಯದ ಮಾತಾಗಿ ಅದು ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ.

ಮೋರ್ ಕಟ್ಟಿದ ದ್ವೀಪ

ಆ ದ್ವೀಪದಲ್ಲಿ 54 ನಗರಗಳು. ಯಾರಿಗೂ ಸ್ವಂತ ಆಸ್ತಿ ಇಲ್ಲ. ಮನೆಗೆ ಬೀಗವಿಲ್ಲ, ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸುತ್ತಾರೆ. ಬೇಸಾಯ ಎಲ್ಲರಿಗೂ ಗೊತ್ತಿರಬೇಕು, ಪೇಟೆಯವರೂ ಸರದಿ ಪ್ರಕಾರ ಎರಡು ವರ್ಷ ಹಳ್ಳಿಗೆ ಹೋಗಿ ಉಳಬೇಕು. ದಿನಕ್ಕೆ ಆರು ಗಂಟೆ ಮಾತ್ರ ದುಡಿಮೆ: ಊಟಕ್ಕೆ ಮೊದಲು ಮೂರು, ನಂತರ ಮೂರು. ಸೋಮಾರಿಗಳನ್ನೂ ಹೊರಿಸಿಕೊಂಡು ತಿನ್ನುವ ಶ್ರೀಮಂತರನ್ನೂ ತೆಗೆದುಬಿಟ್ಟರೆ ಉಳಿದ ಕೆಲಸಕ್ಕೆ ಇಷ್ಟೇ ಸಾಕು ಎಂಬುದು ಲೆಕ್ಕ. ಚಿನ್ನಕ್ಕೆ ಅಲ್ಲಿ ಬೆಲೆಯಿಲ್ಲ. ಅದರಿಂದ ಶೌಚದ ಪಾತ್ರೆ ಮಾಡುತ್ತಾರೆ, ಗುಲಾಮರಿಗೆ ಸರಪಳಿ ಮಾಡುತ್ತಾರೆ. ಮುತ್ತು ರತ್ನ ಮಕ್ಕಳ ಆಟಿಕೆ. ಒಮ್ಮೆ ಪರದೇಶದ ರಾಯಭಾರಿಗಳು ಮೈತುಂಬ ಚಿನ್ನ ಹೇರಿಕೊಂಡು ಬಂದಾಗ ಊರವರು ಅವರನ್ನು ಗುಲಾಮರೆಂದೇ ತಿಳಿದು, ಸರಳ ಬಟ್ಟೆಯ ಸೇವಕರಿಗೆ ಕೈ ಮುಗಿದರಂತೆ. ಪುಸ್ತಕದಲ್ಲಿ ನಗು ತರಿಸುವ ಜಾಗ ಇದು.

ಆದರೆ ಗಮನಿಸಿ, ಗುಲಾಮರು ಇದ್ದಾರೆ. ಊರಿಂದೂರಿಗೆ ಹೋಗಲು ಅಧಿಕಾರಿಯ ಪತ್ರ ಬೇಕು. ಪತ್ರವಿಲ್ಲದೆ ಎರಡನೇ ಬಾರಿ ಸಿಕ್ಕಿಬಿದ್ದರೆ ಗುಲಾಮಗಿರಿಯೇ ಶಿಕ್ಷೆ. ಗಡಿಯಲ್ಲಿರುವ ನಮಗೆ ಕಣ್ಣಿಗೆ ಬೀಳುವ ಇನ್ನೊಂದು ವಿವರವೂ ಇದೆ. ಆ ನಾಡು ಮೊದಲು ದ್ವೀಪವಾಗಿರಲೇ ಇಲ್ಲ, ನೆಲಕ್ಕೆ ಅಂಟಿಕೊಂಡೇ ಇತ್ತು. ಗೆದ್ದು ಬಂದ ಯುಟೋಪಸ್ ಎಂಬ ದೊರೆ ಹದಿನೈದು ಮೈಲಿ ಅಗಲದ ಕಾಲುವೆ ತೋಡಿಸಿ ನೆರೆನಾಡಿನಿಂದ ಅದನ್ನು ಕತ್ತರಿಸಿಬಿಟ್ಟ. ಆದರ್ಶ ಸಮಾಜದ ಮೊದಲ ಕೆಲಸ ಗಡಿ ಹಾಕುವುದು. ಇಂಥ ಕತೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಮೋರ್ ಇದನ್ನು ಬರೆದದ್ದು ಬರೀ ಮನರಂಜನೆಗಲ್ಲ. ಅವರ ಕಾಲದ ಇಂಗ್ಲೆಂಡಿನಲ್ಲಿ ಉಣ್ಣೆಗೆ ಬೆಲೆ ಬಂದು, ಉಳುಮೆಯ ಹೊಲಗಳಿಗೆ ಜಮೀನ್ದಾರರು ಬೇಲಿ ಹಾಕಿ ಕುರಿ ಬಿಟ್ಟಿದ್ದರು. ನೆಲ ಕಳಕೊಂಡವರು ಹೊಟ್ಟೆಗಾಗಿ ಕದ್ದರೆ ಗಲ್ಲು. ಪುಸ್ತಕದ ಮೊದಲ ಭಾಗದಲ್ಲಿ ಈ ಚರ್ಚೆ ಇದೆ. ಎರಡನೇ ಭಾಗದ ದ್ವೀಪ ಆ ಪ್ರಶ್ನೆಗೆ ಹಿಡಿದ ಕನ್ನಡಿ. ಮುಂದೆ ರಾಜ ಎಂಟನೇ ಹೆನ್ರಿಯನ್ನು ಚರ್ಚಿನ ಮುಖ್ಯಸ್ಥನೆಂದು ಒಪ್ಪದ ಕಾರಣಕ್ಕೆ 1535ರಲ್ಲಿ ಮೋರ್ ಅವರ ತಲೆ ಕಡಿಯಲಾಯಿತು.

ಮದರಾಸಿನಲ್ಲಿ ಅಚ್ಚಾದ ಕನಸು

ನಮ್ಮ ದೇಶದಲ್ಲಿ ಹುಟ್ಟಿದ ಇಂಥ ಕತೆಗಳಲ್ಲಿ ತಪ್ಪದೆ ಓದಬೇಕಾದದ್ದು ರೊಕೆಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್', ಅಂದರೆ ಸುಲ್ತಾನಾಳ ಕನಸು. 1905ರಲ್ಲಿ ಇದು ಪ್ರಕಟವಾದದ್ದು ಮದರಾಸಿನಿಂದ ಕಮಲಾ ಸತ್ಯನಾಧನ್ ಹೊರಡಿಸುತ್ತಿದ್ದ 'ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ವಯನಾಡು ಮಲಬಾರಿನಲ್ಲಿ, ಹೊಸೂರು ಸೇಲಂನಲ್ಲಿ, ಆದೋನಿ-ರಾಯದುರ್ಗ ಬಳ್ಳಾರಿಯಲ್ಲಿ, ಮಡಕಶಿರಾ ಅನಂತಪುರದಲ್ಲಿ. ಇಷ್ಟೂ ಮದರಾಸು ಪ್ರಾಂತದ ಒಳಗೇ. ಈ ಮಟ್ಟಿಗೆ ಇದು ನಮ್ಮಲ್ಲಿ ಬಹಳ ಜನರ ಅಜ್ಜ ಅಜ್ಜಿಯರ ನಾಡಿನಲ್ಲಿ ಅಚ್ಚಾದ ಕತೆ.

ರೊಕೆಯಾ ಹುಟ್ಟಿದ್ದು 1880ರಲ್ಲಿ, ಇಂದಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯ ಪೈರಾಬಂದ್‌ನಲ್ಲಿ. ಅನುಕೂಲಸ್ಥ ಮನೆತನ, ಕಟ್ಟುನಿಟ್ಟಿನ ಪರ್ದಾ. ಹೆಣ್ಣುಮಕ್ಕಳು ಅರಬ್ಬಿ, ಉರ್ದು ಕಲಿತರೆ ಸಾಕು, ಊರ ಜನರಾಡುವ ಬಂಗಾಳಿಯಾಗಲಿ ಇಂಗ್ಲಿಷಾಗಲಿ ಬೇಡ ಎಂಬುದು ಆ ಮನೆಯ ರೂಢಿ. ಅಕ್ಕ ಕರೀಮುನ್ನಿಸಾ ಬಂಗಾಳಿಯನ್ನೂ, ಅಣ್ಣ ಇಬ್ರಾಹಿಂ ಇಂಗ್ಲಿಷನ್ನೂ ಹಿರಿಯರ ಕಣ್ಣು ತಪ್ಪಿಸಿ ಕಲಿಸಿದರು. ಯಾವ ಭಾಷೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಬೇರೆಯವರು ತೀರ್ಮಾನಿಸುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕತೆ ಬರೆದದ್ದು ಇಂಗ್ಲಿಷಿನಲ್ಲಿ. ಮುಂದೆ ಹೆಚ್ಚಾಗಿ ಬರೆದದ್ದು ಬಂಗಾಳಿಯಲ್ಲಿ.

ಕತೆಯಲ್ಲಿ ಸುಲ್ತಾನಾ ಆರಾಮಕುರ್ಚಿಯಲ್ಲಿ ಕುಳಿತು ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ಯೋಚಿಸುತ್ತಿರುವಾಗ ಗೆಳತಿಯೊಬ್ಬಳು ಬಂದು ವಾಯುವಿಹಾರಕ್ಕೆ ಕರೆಯುತ್ತಾಳೆ. ಹೊರಗೆ ಬಂದರೆ ಬೇರೆಯೇ ಲೋಕ. ಬೀದಿಯಲ್ಲಿ ಗಂಡಸರೇ ಇಲ್ಲ. ಅವರೆಲ್ಲ 'ಮರ್ದಾನಾ'ದೊಳಗೆ, ಅಂದರೆ ಮನೆಯೊಳಗೆ, ಅಡುಗೆ ಮಾಡಿಕೊಂಡು ಮಕ್ಕಳನ್ನು ನೋಡಿಕೊಂಡು ಇದ್ದಾರೆ! ಹೆಂಗಸರ ವಿಶ್ವವಿದ್ಯಾಲಯವೊಂದು ಬಲೂನಿನಿಂದ ಮೋಡದ ನೀರನ್ನು ನೇರ ಇಳಿಸಿಕೊಳ್ಳುವುದನ್ನು ಕಂಡುಹಿಡಿದಿದೆ, ಇನ್ನೊಂದು ಬಿಸಿಲನ್ನು ಶೇಖರಿಸುವುದನ್ನು. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಸೂರ್ಯನ ಶಾಖದಲ್ಲೇ ಅನ್ನ ಬೇಯುತ್ತದೆ. 1905ರಲ್ಲಿ ಇದನ್ನು ಬರೆದದ್ದು ಎಂಬುದನ್ನು ನೆನಪಿಡಿ. ಇಪ್ಪತ್ತೊಂದು ವರ್ಷಕ್ಕೆ ಮೊದಲು ಮದುವೆ ಇಲ್ಲ. ಕೆಲಸ ದಿನಕ್ಕೆ ಎರಡೇ ಗಂಟೆ. ಗಂಡಸರು ಕಚೇರಿಯಲ್ಲಿ ಚುಟ್ಟಾ ಸೇದುತ್ತ ಕಳೆಯುತ್ತಿದ್ದ ಹೊತ್ತನ್ನು ಕಳೆದರೆ ಉಳಿಯುವುದು ಅಷ್ಟೇ ಎಂದು ಗೆಳತಿ ವಿವರಿಸುತ್ತಾಳೆ. ಮೋರ್ ಅವರ ಆರು ಗಂಟೆಯ ಲೆಕ್ಕಕ್ಕಿಂತ ಇದು ಹೆಚ್ಚು ಖಾರವಾಗಿದೆ.

ಈ ವ್ಯವಸ್ಥೆ ಬಂದದ್ದು ಹೇಗೆ ಎಂಬಲ್ಲಿ ಮತ್ತೆ ಗಡಿ ಬರುತ್ತದೆ. ಪಕ್ಕದ ರಾಜ್ಯದಿಂದ ಕೆಲವರು ಓಡಿಬಂದು ಆಶ್ರಯ ಕೇಳಿದರು. ಅವರನ್ನು ಒಪ್ಪಿಸಿ ಎಂದು ಆ ದೊರೆ ಹೇಳಿದ, ರಾಣಿ ಒಪ್ಪಲಿಲ್ಲ. ಯುದ್ಧವಾಯಿತು, ಗಂಡಸರು ಸೋತರು. ಆಗ ಎರಡು ಸಾವಿರ ವಿದ್ಯಾರ್ಥಿನಿಯರು ಶೇಖರಿಸಿದ ಬಿಸಿಲನ್ನು ಶತ್ರುಗಳ ಮೇಲೆ ಹಾಯಿಸಿ ಅವರನ್ನು ಓಡಿಸಿದರು. ಮೋರ್ ನಾಡಿನಲ್ಲಿ ಗಡಿ ಎಂದರೆ ಕಾಲುವೆ. ರೊಕೆಯಾ ನಾಡಿನಲ್ಲಿ ಗಡಿ ದಾಟಿ ಬಂದವರಿಗೆ ಕೊಟ್ಟ ಮಾತೇ ಇಡೀ ಬದಲಾವಣೆಗೆ ಕಾರಣ. ಕನಸು ಕಂಡು ಸುಮ್ಮನಾದವರಲ್ಲ ಈಕೆ. 1909ರಲ್ಲಿ ಗಂಡ ತೀರಿಕೊಂಡ ಮೇಲೆ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, 1911ರಲ್ಲಿ ಕಲ್ಕತ್ತಕ್ಕೆ ಹೋಗಿ ಎಂಟು ಮಕ್ಕಳಿಂದ ಮತ್ತೆ ಶುರು ಮಾಡಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಆ ಶಾಲೆಗಾಗಿ ದುಡಿದರು.

ಗಂಡಸರನ್ನು ಮನೆಯೊಳಗೆ ಕೂಡಿಹಾಕುವುದು ನ್ಯಾಯವೇ ಎಂದು ಕೆಲವರು ಸಿಟ್ಟಾಗುತ್ತಾರೆ. ಸಿಟ್ಟಾಗಬೇಕೆಂದೇ ಬರೆದದ್ದು. ಉಲ್ಟಾ ಮಾಡಿ ತೋರಿಸಿದಾಗ ಅನ್ಯಾಯ ಎನಿಸುವುದು, ಇದ್ದ ಹಾಗೇ ಇದ್ದಾಗ ಯಾಕೆ ಎನಿಸಲಿಲ್ಲ ಎಂಬುದೇ ಕತೆಯ ಪ್ರಶ್ನೆ.

ನಮ್ಮ ನೆಲದ ಹಳೆಯ ಕನಸುಗಳು

ಕಾದಂಬರಿ ಬರುವುದಕ್ಕೂ ಮೊದಲೇ ಇಂಥ ಕಲ್ಪನೆ ಇಲ್ಲಿತ್ತು. ಸಂತ ರವಿದಾಸರು ಹಾಡಿದ 'ಬೇಗಂಪುರ' ದುಃಖವಿಲ್ಲದ, ತೆರಿಗೆಯಿಲ್ಲದ, ಭಯವಿಲ್ಲದ ಪಟ್ಟಣ. ಆ ಪದ ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿದೆ. ಕನ್ನಡದವರಿಗೆ 12ನೇ ಶತಮಾನದ ಕಲ್ಯಾಣ ನೆನಪಾಗುವುದು ಸಹಜ. ಅದು ಕತೆಯ ಊರಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿ ಇಂದಿಗೂ ಇದೆ. ಕಾಯಕ, ದಾಸೋಹ, ಜಾತಿಯಿಲ್ಲದ ಕೂಟ ಎಂದು ಶರಣರು ಹೊರಟದ್ದು, ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಆದ ಮದುವೆಯ ನಂತರ ರಕ್ತಪಾತದಲ್ಲಿ ಮುಗಿದ ಕತೆ ಎಲ್ಲರಿಗೂ ಗೊತ್ತು. ಗಿರೀಶ ಕಾರ್ನಾಡರು ಇದನ್ನೇ ಹಿಡಿದು 1990ರಲ್ಲಿ 'ತಲೆದಂಡ' ಬರೆದರು. ಅದಕ್ಕೂ ಮೊದಲು 1964ರಲ್ಲಿ ಬಂದ ಅವರ 'ತುಘಲಕ್' ನಾಟಕವನ್ನು ಈ ಸಾಲಿನಲ್ಲೇ ಇಟ್ಟು ಓದಬಹುದು. ಆದರ್ಶದ ಕನಸು ಕಾಣುವ ದೊರೆಯೇ ಜನರನ್ನು ದಿಲ್ಲಿಯಿಂದ ದೌಲತಾಬಾದಿಗೆ ಅಟ್ಟುತ್ತಾನೆ. ಒಬ್ಬನ ಯುಟೋಪಿಯಾ ಇನ್ನೊಬ್ಬನಿಗೆ ಡಿಸ್ಟೋಪಿಯಾ ಆಗುವುದನ್ನು ಕನ್ನಡದಲ್ಲಿ ಇದಕ್ಕಿಂತ ಚೆನ್ನಾಗಿ ತೋರಿಸಿದ ಕೃತಿ ನನಗೆ ಕಾಣದು.

ಗಾಜಿನ ಮನೆಗಳು, ಸೋಮದ ಗುಳಿಗೆ

ಆಧುನಿಕ ಡಿಸ್ಟೋಪಿಯಾಕ್ಕೆ ದಾರಿ ಹಾಕಿದವರು ರಷ್ಯಾದ ಯೆವ್ಗೆನಿ ಝಮ್ಯಾತಿನ್. 1920-21ರಲ್ಲಿ ಬರೆದ ಅವರ 'ನಾವು' ಕಾದಂಬರಿಯಲ್ಲಿ ಜನರಿಗೆ ಹೆಸರಿಲ್ಲ, ನಂಬರು ಮಾತ್ರ. ಮನೆಗಳೆಲ್ಲ ಗಾಜಿನವು, ಯಾರು ಏನು ಮಾಡುತ್ತಿದ್ದಾರೆ ಎಂದು ಎಲ್ಲರಿಗೂ ಕಾಣುತ್ತದೆ. ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿ ಕಲ್ಪನಾಶಕ್ತಿಯನ್ನೇ ತೆಗೆಯುತ್ತಾರೆ. 1924ರಲ್ಲಿ ಇಂಗ್ಲಿಷಿನಲ್ಲಿ ಬಂತು, ಸೋವಿಯತ್ ನಾಡಿನಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಲೇಖಕರು 1937ರಲ್ಲೇ ಪ್ಯಾರಿಸ್ಸಿನಲ್ಲಿ ತೀರಿಹೋಗಿದ್ದರು.

ಆಲ್ಡಸ್ ಹಕ್ಸ್‌ಲಿಯವರ 'ಬ್ರೇವ್ ನ್ಯೂ ವರ್ಲ್ಡ್' (1932) ಬೇರೆ ಥರದ್ದು. ಅಲ್ಲಿ ಹೊಡೆತ ಬಡಿತ ಕಡಿಮೆ. ಮಕ್ಕಳು ಸೀಸೆಗಳಲ್ಲಿ ಹುಟ್ಟುತ್ತಾರೆ, ಹುಟ್ಟುವ ಮೊದಲೇ ಐದು ಶ್ರೇಣಿಗಳಲ್ಲಿ ಹಂಚಿಹೋಗಿರುತ್ತಾರೆ. ಕೆಳಗಿನ ಶ್ರೇಣಿಯವನಿಗೆ ತನ್ನ ಸ್ಥಾನವೇ ಚೆಂದ ಎಂದು ನಿದ್ದೆಯಲ್ಲೇ ಪಾಠ ಹೇಳಿಕೊಡಲಾಗುತ್ತದೆ. ಜಾತಿ ವ್ಯವಸ್ಥೆ ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೂಸುಗಳ ಮುಂದೆ ಪುಸ್ತಕ, ಹೂವು ಇಟ್ಟು, ಮುಟ್ಟಲು ಹೋದಾಗ ವಿದ್ಯುತ್ ಶಾಕ್ ಕೊಡುವ ಒಂದು ಭಾಗವಿದೆ. ಪುಸ್ತಕ ಓದಿದವನು ಪ್ರಶ್ನೆ ಕೇಳಿಯಾನು, ಹೂವು ನೋಡಿ ಸಂತೋಷಪಡುವವನು ಕಾರ್ಖಾನೆಯ ಮಾಲು ಕೊಳ್ಳದೆ ಇದ್ದಾನು! ಬೇಸರವಾದರೆ ನುಂಗಲು ಒಂದು ಗುಳಿಗೆ ಇದೆ, ಅದರ ಹೆಸರು 'ಸೋಮ'. ನಮ್ಮ ವೇದದ ಸೋಮವೇ ಹೆಸರಿನ ಮೂಲ.

ಭಾಷೆಯನ್ನು ಸವೆಸುವ ಕಚೇರಿ

ಇನ್ನು ಜಾರ್ಜ್ ಆರ್ವೆಲ್. ಇವರು ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಆ ಕೆಲಸಕ್ಕೆ ಹೇಸಿ ಬಿಟ್ಟರು. ಶಾಲೆಯಲ್ಲಿ ಇವರಿಗೆ ಫ್ರೆಂಚ್ ಕಲಿಸಿದ ಮೇಷ್ಟ್ರು ಅದೇ ಹಕ್ಸ್‌ಲಿ. '1984' ಕಾದಂಬರಿ ಜೂನ್ 1949ರಲ್ಲಿ ಹೊರಬಂತು, ಏಳು ತಿಂಗಳಲ್ಲಿ ಕ್ಷಯದಿಂದ ತೀರಿಕೊಂಡರು.

ಮನೆಮನೆಯಲ್ಲಿ ನೋಡುವ ಪರದೆ, ಗೋಡೆಯ ಮೇಲೆ 'ದೊಡ್ಡಣ್ಣ'ನ ಚಿತ್ರ, ಇವು ಎಲ್ಲರೂ ಕೇಳಿದ ಸಂಗತಿ. ಎರಡು ಭಾಷೆಯಲ್ಲಿ ಬದುಕುವ ನಾವು ನಿಧಾನವಾಗಿ ಓದಬೇಕಾದದ್ದು ಮಾತ್ರ ಬೇರೆ: ಅಲ್ಲಿನ 'ನ್ಯೂಸ್ಪೀಕ್', ಅಂದರೆ ಹೊಸನುಡಿ. ಸಾಮಾನ್ಯವಾಗಿ ನಿಘಂಟು ಎಂದರೆ ಪ್ರತಿ ಆವೃತ್ತಿಯಲ್ಲೂ ಪದ ಹೆಚ್ಚಾಗಬೇಕು. ಅಲ್ಲಿ ಪ್ರತಿ ಆವೃತ್ತಿಯಲ್ಲೂ ಕಡಿಮೆಯಾಗುತ್ತದೆ. ಕನ್ನಡದಲ್ಲಿ ಊಹಿಸಿಕೊಳ್ಳಿ. ಕೆಟ್ಟ, ಹೊಲಸು, ನೀಚ, ಹೇಯ, ಕೊಳಕು, ದುಷ್ಟ ಎಲ್ಲವನ್ನೂ ತೆಗೆದುಹಾಕಿ 'ಅಒಳ್ಳೆ' ಎಂಬ ಒಂದೇ ಪದ ಇಟ್ಟರೆ? ಒಬ್ಬ ಅಧಿಕಾರಿಯನ್ನು ನೀಚ ಎಂದು ಬೈಯಲು ನಿಮ್ಮಲ್ಲಿ ಪದವೇ ಇರುವುದಿಲ್ಲ. ಬಿಡುಗಡೆ ಎಂಬ ಪದ ಇರುತ್ತದೆ, ಆದರೆ ನಾಯಿಗೆ ಹೇನಿನಿಂದ ಬಿಡುಗಡೆ ಎಂಬಂಥ ಅರ್ಥದಲ್ಲಿ ಮಾತ್ರ. ಪದವಿಲ್ಲದ ಮೇಲೆ ಯೋಚನೆಯೂ ಹೊಳೆಯಬಾರದು ಎಂಬುದು ಆಳುವವರ ಲೆಕ್ಕಾಚಾರ. ಈ ನಿಘಂಟಿನಲ್ಲಿ ದುಡಿಯುವ ಸೈಮ್ ಎಂಬವನು ತನ್ನ ಕೆಲಸವನ್ನು ಬಹಳ ಪ್ರೀತಿಸುತ್ತಾನೆ. ಹೆಚ್ಚು ಬುದ್ಧಿವಂತ ಎಂಬ ಕಾರಣಕ್ಕೇ ಒಂದು ದಿನ ಅವನೂ ಕಾಣೆಯಾಗುತ್ತಾನೆ, ಹೆಸರು ಪಟ್ಟಿಯಿಂದಲೂ ಅಳಿಸಿಹೋಗುತ್ತದೆ.

ಆ ನಾಡಿನ ಪ್ರಜೆಗಳಿಗೆ ಪರಭಾಷೆ ಕಲಿಯುವುದು ನಿಷಿದ್ಧ. ಯಾಕೆಂದರೆ ಗಡಿಯಾಚೆಯವರ ಮಾತು ತಿಳಿದುಬಿಟ್ಟರೆ ಅವರೂ ನಮ್ಮ ಹಾಗೇ ಇದ್ದಾರೆ ಎಂದು ಗೊತ್ತಾಗಿಬಿಡುತ್ತದೆ, ದ್ವೇಷ ನಿಲ್ಲುವುದಿಲ್ಲ. ಸಂತೆಯಲ್ಲಿ ಒಂದು ಭಾಷೆ, ಅಂಗಳದಲ್ಲಿ ಇನ್ನೊಂದು ಭಾಷೆ ಆಡುವವರಿಗೆ ಈ ಭಾಗ ಬೇರೆಲ್ಲರಿಗಿಂತ ಬೇಗ ತಟ್ಟುತ್ತದೆ. ಒಂದರಲ್ಲಿ ಪದ ಸವೆದರೂ ಇನ್ನೊಂದರಲ್ಲಿ ಅದರ ಜೋಡಿ ಉಳಿದಿರುತ್ತದಲ್ಲ, ದೊಡ್ಡಣ್ಣನಿಗೆ ಅದೇ ತಲೆನೋವು. ಭಾಷೆಯೊಂದು ಹೋಗಬೇಕಾದರೆ ಅದನ್ನು ನಿಷೇಧಿಸಲೇಬೇಕೆಂದಿಲ್ಲ, ಅದರಲ್ಲಿ ಹೇಳಬಹುದಾದದ್ದನ್ನು ಕಡಿಮೆ ಮಾಡುತ್ತ ಹೋದರೆ ಸಾಕು ಎಂಬುದನ್ನು ಆರ್ವೆಲ್ ಕಂಡಿದ್ದರು.

ಕಾದಂಬರಿಯ ಕೊನೆಗೆ ಹೊಸನುಡಿಯ ಬಗ್ಗೆ ಒಂದು ಅನುಬಂಧವಿದೆ. ಅಮೆರಿಕದ ಪುಸ್ತಕ ಸಂಘವೊಂದು ಅದನ್ನು ಕಿತ್ತುಹಾಕಲು ಕೇಳಿದಾಗ ಆರ್ವೆಲ್ ಒಪ್ಪಲಿಲ್ಲ. ಅನುಬಂಧ ಪೂರ್ತಿ ಭೂತಕಾಲದಲ್ಲಿದೆ, ಅದೂ ಹಳೆಯ ಸಾಮಾನ್ಯ ಇಂಗ್ಲಿಷಿನಲ್ಲಿ. ಅಂದರೆ ಆ ಆಡಳಿತ ಎಂದೋ ಬಿದ್ದುಹೋಗಿದೆ, ಭಾಷೆ ಉಳಿದಿದೆ ಎಂದು ಹಲವರು ಓದುತ್ತಾರೆ. ಅಂದಹಾಗೆ, ಜುಲೈ 2009ರಲ್ಲಿ ಅಮೆಜಾನ್ ಕಂಪನಿ ಹಕ್ಕಿನ ತಕರಾರಿನಿಂದಾಗಿ ಓದುಗರು ಹಣ ಕೊಟ್ಟು ಕೊಂಡಿದ್ದ ಒಂದು ಪುಸ್ತಕದ ಪ್ರತಿಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಆ ಪುಸ್ತಕ '1984'! ಆಮೇಲೆ ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು.

ಓದು ಬಾರದಂತೆ ಮಾಡುವುದು

ಕೆನಡಾದ ಮಾರ್ಗರೆಟ್ ಆಟ್ವುಡ್ ಅವರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' (1985) ಕಾದಂಬರಿಯ ಗಿಲಿಯಡ್ ದೇಶದಲ್ಲಿ ಹೆಂಗಸರು ಓದುವಂತಿಲ್ಲ. ಅಂಗಡಿಯ ಬೋರ್ಡುಗಳಲ್ಲಿ ಅಕ್ಷರ ಅಳಿಸಿ ಚಿತ್ರ ಬರೆದಿದ್ದಾರೆ. ಚರಿತ್ರೆಯಲ್ಲಿ ಎಲ್ಲೋ ಒಂದು ಕಡೆ ನಿಜವಾಗಿ ನಡೆಯದ ಯಾವುದನ್ನೂ ಈ ಪುಸ್ತಕದಲ್ಲಿ ಸೇರಿಸುವುದಿಲ್ಲ ಎಂಬುದು ಲೇಖಕಿ ತಮಗೆ ಹಾಕಿಕೊಂಡ ನಿಯಮ. ಆರ್ವೆಲ್ ಅವರ ಅನುಬಂಧದಿಂದ ಕಲಿತು ತಮ್ಮ ಕಾದಂಬರಿಗೂ ಅಂಥದೇ ಒಂದು ಕೊನೆ ಕೊಟ್ಟಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಯುಟೋಪಿಯಾದ ಕತೆಯನ್ನು ಸಾಮಾನ್ಯವಾಗಿ ಹೇಳುವವನು ಅತಿಥಿ. ನಾವಿಕನೋ ಸುಲ್ತಾನಾಳೋ ಬಂದು, ಸುತ್ತಾಡಿ, ತೋರಿಸಿದ್ದನ್ನು ನೋಡಿ ಹೋಗುತ್ತಾರೆ. ಡಿಸ್ಟೋಪಿಯಾದ ಕತೆ ಒಳಗೇ ಇರುವವನದು. ಅವನು ಗುಟ್ಟಾಗಿ ಡೈರಿ ಬರೆಯುತ್ತಾನೆ, ಅವಳು ಟೇಪಿನಲ್ಲಿ ಮಾತು ತುಂಬಿಡುತ್ತಾಳೆ. ಒಂದೇ ಊರನ್ನು ಮಂತ್ರಿಗಳ ಭೇಟಿಯ ದಿನ ಕಂಡವನೂ ವರ್ಷವಿಡೀ ಅಲ್ಲೇ ನೀರು ಹೊತ್ತವಳೂ ಬೇರೆ ಬೇರೆ ರೀತಿ ವರ್ಣಿಸುವ ಹಾಗೆ. ಯಾವ ಪುಸ್ತಕ ಹಿಡಿದರೂ ಹೇಳುತ್ತಿರುವವರು ಯಾರು, ಅಲ್ಲಿಂದ ಹೊರಡಲು ಅವರಿಗೆ ಬಿಡುವಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅರ್ಧ ಕತೆ ಅಲ್ಲೇ ತಿಳಿಯುತ್ತದೆ.

ಗೋಡೆಯ ಯಾವ ಬದಿ ಒಳಗೆ?

ಎರಡೂ ಬದಿಗೆ ಸೇರದ ಪುಸ್ತಕಗಳೂ ಇವೆ. ಅಮೆರಿಕದ ಅರ್ಸುಲಾ ಲೆ ಗ್ವಿನ್ ಅವರ 'ದಿ ಡಿಸ್‌ಪೊಸೆಸ್ಡ್' (1974) ಅವುಗಳಲ್ಲಿ ಮುಖ್ಯ. ಜೋಡಿ ಗ್ರಹಗಳು: ಒಂದು ಸಿರಿವಂತ, ಅಸಮಾನತೆಯ ಉರಾಸ್, ಇನ್ನೊಂದು ಅಲ್ಲಿಂದ ಬಿಟ್ಟುಬಂದವರು ನೆಲೆಸಿದ ಬರಗಾಲದ ಅನಾರಸ್. ಅನಾರಸ್‌ನಲ್ಲಿ ಸರ್ಕಾರವಿಲ್ಲ, ಆಸ್ತಿಯಿಲ್ಲ. ಭಾಷೆಯನ್ನೂ ಹೊಸದಾಗಿ ಕಟ್ಟಿಕೊಂಡಿದ್ದಾರೆ, ಅದರಲ್ಲಿ 'ನನ್ನ' ಎನ್ನುವ ರೂಢಿ ಕಡಿಮೆ. ನನ್ನ ಕರವಸ್ತ್ರ ಅನ್ನುವ ಬದಲು ನಾನು ಬಳಸುವ ಕರವಸ್ತ್ರ ಅನ್ನಬೇಕು. (ಒಬ್ಬನೇ ಮಗನಾದರೂ 'ನಮ್ಮ ಅಮ್ಮ' ಎನ್ನುವ ಕನ್ನಡದವರು ಅಲ್ಲಿ ಅರ್ಧ ಪಾಸಾದಾರು.) ಆರ್ವೆಲ್ ನಾಡಿನಲ್ಲಿ ಭಾಷೆ ತಿದ್ದಿದ್ದು ಆಳಲು, ಇಲ್ಲಿ ತಿದ್ದಿದ್ದು ಸಮಾನರಾಗಲು. ಆದರೂ ಇಲ್ಲೂ ಗುಂಪಿನ ಅಭಿಪ್ರಾಯವೇ ಪೊಲೀಸನಂತೆ ಕಾವಲು ಕಾಯತೊಡಗುತ್ತದೆ, ಹೊಸದಾಗಿ ಯೋಚಿಸುವ ವಿಜ್ಞಾನಿ ಶೆವೆಕ್‌ಗೆ ಉಸಿರು ಕಟ್ಟುತ್ತದೆ.

ಈ ಕಾದಂಬರಿ ಶುರುವಾಗುವುದೇ ಒಂದು ಗೋಡೆಯಿಂದ. ಅಷ್ಟೇನೂ ಎತ್ತರವಿಲ್ಲ, ಮಕ್ಕಳೂ ಹತ್ತಬಹುದು. ಆಕಾಶನೌಕೆ ಇಳಿಯುವ ಬಯಲನ್ನು ಅದು ಸುತ್ತುವರಿದಿದೆ. ಒಂದು ಬದಿಯಿಂದ ನೋಡಿದರೆ ಬಯಲು ಬಂಧನದಲ್ಲಿದೆ, ಇನ್ನೊಂದು ಬದಿಯಿಂದ ನೋಡಿದರೆ ಉಳಿದ ಗ್ರಹವೆಲ್ಲ ಬಂಧನದಲ್ಲಿದೆ. 1956ರಲ್ಲಿ ನಕಾಶೆಯ ಮೇಲೆ ಎಳೆದ ಗೆರೆಯ ಪಕ್ಕದಲ್ಲಿ ಬೆಳೆದವರಿಗೆ ಈ ಗೋಡೆಗೆ ವಿವರಣೆ ಬೇಡ.

ಇದೇ ಲೇಖಕಿಯ 1973ರ ಸಣ್ಣಕತೆಯೊಂದರಲ್ಲಿ ಒಮೆಲಾಸ್ ಎಂಬ ಸುಖದ ಊರಿದೆ. ಆ ಊರಿನ ಸುಖವೆಲ್ಲ ನಿಂತಿರುವುದು ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಾಟದ ಮೇಲೆ. ಎಲ್ಲರಿಗೂ ಅದು ಗೊತ್ತು. ಹೆಚ್ಚಿನವರು ಅತ್ತು, ಆಮೇಲೆ ಒಗ್ಗಿಕೊಳ್ಳುತ್ತಾರೆ. ಕೆಲವರು ಮಾತ್ರ ಊರು ಬಿಟ್ಟು ನಡೆಯುತ್ತಾರೆ. ಹೆಸರು ಬಂದದ್ದು 'ಸೇಲಂ, ಒರೆಗಾನ್' ಎಂಬ ರಸ್ತೆ ಫಲಕವನ್ನು ಹಿಂದುಮುಂದಾಗಿ ಓದಿದ್ದರಿಂದ. ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ್ದು.

ಎಲ್ಲಿಂದ ಓದಲು ತೊಡಗಬೇಕು?

ಇಂಗ್ಲಿಷ್ ಅಷ್ಟಾಗಿ ರೂಢಿಯಿಲ್ಲದವರು 'ಸುಲ್ತಾನಾಸ್ ಡ್ರೀಮ್'ನಿಂದ ಶುರು ಮಾಡಿ. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಭಾಷೆ ಸರಳ, ಹಕ್ಕಿನ ಅವಧಿ ಮುಗಿದಿರುವುದರಿಂದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೋರ್ ಪುಸ್ತಕವೂ ಹಾಗೆಯೇ ಸಿಗುತ್ತದೆ, ಆದರೆ ಹಳೆಯ ಅನುವಾದಗಳ ವಾಕ್ಯಗಳು ಉದ್ದ, ತಾಳ್ಮೆ ಬೇಕು. ಎರಡನೇ ಭಾಗವನ್ನು ಮೊದಲು ಓದಿ ಆಮೇಲೆ ಮೊದಲ ಭಾಗಕ್ಕೆ ಬಂದರೂ ನಡೆಯುತ್ತದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುವುದರಿಂದ ಆರ್ವೆಲ್ ಕೃತಿಗಳು 2010ರ ಕೊನೆಗೆ ಇಲ್ಲಿ ಮುಕ್ತವಾದವು, ಯಾರು ಬೇಕಾದರೂ ಅನುವಾದಿಸಬಹುದು. ಲೆ ಗ್ವಿನ್, ಆಟ್ವುಡ್ ಪುಸ್ತಕಗಳನ್ನು ಕೊಂಡೇ ಓದಬೇಕು, ಇಲ್ಲವೇ ಗ್ರಂಥಾಲಯದಲ್ಲಿ ಕೇಳಬೇಕು. 'ತುಘಲಕ್' ಕನ್ನಡದಲ್ಲೇ ಇದೆ. ಹಲವು ಭಾರತೀಯ ಭಾಷೆಗಳಿಗೂ ಹೋಗಿದೆ, ನಿಮ್ಮ ಇನ್ನೊಂದು ಭಾಷೆಯಲ್ಲಿ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ನೋಡಿ.